ಜಿಪುಣಿ ಅಂದರೂ ಪರವಾಗಿಲ್ಲ: ಕೈ ಹಿಡಿತದಲ್ಲಿ ಮನೆ ನಡೆಸುವುದು ಹೇಗೆ

ಎರಡು ವರ್ಷದ ಹಿಂದೆ ಹರಿಹರದಲ್ಲಿ ನಮ್ಮವರದೇ ಒಂದು ಮದುವೆ. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ನಾದಿನಿ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಅತ್ತಿಗಿ ಎಂಜಲ ಕೈಲಿ ಕಾಗಿ ಓಡ್ಸೋದಿಲ್ಲ ಬಿಡ್ರಿ" ಅಂದಳು. ಎಲ್ಲರೂ ನಕ್ಕರು. ನಾನು ಒಂದೇ ಸೀರೆಯನ್ನು ಮೂರನೇ ಮದುವೆಗೆ ಉಟ್ಟುಕೊಂಡು ಹೋಗಿದ್ದೆ, ಮಾತು ಬಂದಿದ್ದು ಅದಕ್ಕೆ. ಆಮೇಲೆ ಬಡಿಸಿದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಇಂಥ ಮಾತು ಕೇಳಿದವರು ತುಂಬಾ ಜನ ಇರುತ್ತಾರೆ. ಕೆಲವರು ಮಾತಿಗೆ ಹೆದರಿಯೇ ಸಾಲ ಮಾಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಇದ್ದೇವೆ. ಯಜಮಾನರಿಗೆ 24,000 ಸಂಬಳ. ನಾನು ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ನನಗೆ 14,000. ಇಬ್ಬರು ಮಕ್ಕಳು, ಜೊತೆಗೆ ನನ್ನ ಅಪ್ಪ. ಈ ದುಡ್ಡಿನಲ್ಲಿ ಹದಿನಾರು ವರ್ಷದಿಂದ ಮನೆ ನಡೆಸಿ ಕಲಿತದ್ದು ಇಷ್ಟು.

ಮೊದಲು ನಿಮ್ಮ ಕಾರಣ ಗೊತ್ತಿರಲಿ

ಯಾಕೆ ಉಳಿಸುತ್ತಿದ್ದೀರಿ ಎಂದು ಒಂದೇ ಸಾಲಿನಲ್ಲಿ ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿ. 'ಮಗಳ ಡಿಪ್ಲೊಮಾ ಫೀಸು', 'ಎರಡು ಅಂಕಣದ ಸ್ವಂತ ಮನೆ', 'ಸಾಲ ತೀರಬೇಕು', ಯಾವುದಾದರೂ ಸರಿ. ಕಾರಣ ಇಲ್ಲದೆ ಉಳಿಸುವವರು ಮೊದಲ ಕುಹಕದ ಮಾತಿಗೇ ಸೋತುಬಿಡುತ್ತಾರೆ.

ನನ್ನ ಕಾರಣ ಹಳೆಯದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅಪ್ಪ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಗಿರಣಿ ನಿಂತುಹೋಯಿತು. ಬರಬೇಕಾದ ಹಣವೂ ಬರಲಿಲ್ಲ. ಆಗ ಅಮ್ಮ ಅಡುಗೆಮನೆಯ ಗೂಡಿನಿಂದ ಅಂಚೆ ಕಚೇರಿಯ ಪಾಸ್‌ಬುಕ್ ತೆಗೆದು ಅಪ್ಪನ ಮುಂದೆ ಇಟ್ಟಳು. ಪ್ರತಿ ಬಟವಾಡೆಯ ದಿನ ಸಂತೆ ದುಡ್ಡಿನಲ್ಲಿ ಐದೋ ಹತ್ತೋ ಎತ್ತಿ ಕಟ್ಟುತ್ತಾ ಬಂದಿದ್ದಳು. ಅಪ್ಪನಿಗೂ ಗೊತ್ತಿರಲಿಲ್ಲ. ಆ ದುಡ್ಡಿನಲ್ಲಿ ಎಂಟು ತಿಂಗಳು ನಮ್ಮ ಒಲೆ ಉರಿಯಿತು. ಓಣಿಯಲ್ಲಿ ಅಮ್ಮನಿಗೆ 'ಜುಗ್ಗಿ' ಅನ್ನುವ ಹೆಸರಿತ್ತು. ಅದೇ ಓಣಿಯ ಎರಡು ಮನೆಯವರು ಆ ವರ್ಷ ಪಾತ್ರೆ ಗಿರವಿ ಇಟ್ಟರು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಜಿಪುಣತನ ಯಾವುದು, ಹಿಡಿತ ಯಾವುದು

ಆ ಮದುವೆಯ ರಾತ್ರಿ ನಿದ್ದೆ ಬರದೆ ಇದನ್ನೇ ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟೇ: ನಾನು ಉಳಿಸುವ ದುಡ್ಡಿನ ಭಾರ ಯಾರ ಮೇಲೆ ಬೀಳುತ್ತಿದೆ ಎಂದು ನೋಡಬೇಕು. ಹಳೇ ಸೀರೆ ಉಟ್ಟರೆ ಭಾರ ನನ್ನ ಮೇಲೆ. ಪಾತ್ರೆ ತೊಳೆಯಲು ಬರುವವರಿಗೆ ನೂರು ರೂಪಾಯಿ ಕಡಿಮೆ ಕೊಟ್ಟರೆ ಭಾರ ಅವರ ಮೇಲೆ. ಮೊದಲನೆಯದು ಹಿಡಿತ, ಎರಡನೆಯದು ಜಿಪುಣತನ.

ಹಾಗಾಗಿ ಉಳಿಸಲು ಶುರು ಮಾಡುವ ಮುಂಚೆ, ಎಲ್ಲಿ ಉಳಿಸಬಾರದು ಎಂದು ಗೆರೆ ಎಳೆದುಕೊಳ್ಳಿ. ನಮ್ಮ ಮನೆಯ ಗೆರೆಗಳನ್ನು ಹೇಳುತ್ತೇನೆ. ಕೆಲಸದವರ ಕೂಲಿಯಲ್ಲಿ ಚೌಕಾಸಿ ಇಲ್ಲ, ಹಬ್ಬಕ್ಕೆ ಅವರಿಗೆ ಕೊಡುವುದು ತಪ್ಪುವುದಿಲ್ಲ. ತಲೆ ಮೇಲೆ ಬುಟ್ಟಿ ಹೊತ್ತು ಸೊಪ್ಪು ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಜಗ್ಗಾಡುವುದಿಲ್ಲ. ಮನೆಗೆ ಬಂದವರು ಊಟ ಮಾಡದೆ ಹೋಗಬಾರದು. ಮಕ್ಕಳ ಹಾಲು, ಮೊಟ್ಟೆ, ಕಾಳು ಕಡಿಮೆ ಆಗಬಾರದು. ಡಾಕ್ಟರ್ ಹತ್ತಿರ ಹೋಗುವುದನ್ನು ಮುಂದೂಡಬಾರದು. ಇನ್ನೊಬ್ಬರ ದುಡ್ಡಲ್ಲಿ ಎರಡು ಸಲ ಟೀ ಕುಡಿದರೆ ಮೂರನೇ ಸಲ ನಾವೇ ಕೊಡಬೇಕು. ಈ ಕೊನೆಯದನ್ನು ಒಂದು ತಪ್ಪೂ ಇಲ್ಲದೆ ಪಾಲಿಸಿ. ಜನ ನಿಜವಾಗಿ ಲೆಕ್ಕ ಇಡುವುದು ಇದನ್ನೇ.

ಮೂರು ತಿಂಗಳು ಲೆಕ್ಕ ಬರೆಯಿರಿ, ಏನನ್ನೂ ಬಿಡಬೇಡಿ

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ರಾತ್ರಿ ಊಟ ಆದಮೇಲೆ ಐದು ನಿಮಿಷ ಕೂತು ಅವತ್ತಿನ ಖರ್ಚು ಬರೆಯಿರಿ. ಮೊದಲ ಮೂರು ತಿಂಗಳು ಯಾವ ಖರ್ಚನ್ನೂ ನಿಲ್ಲಿಸಬೇಡಿ, ಸುಮ್ನೆ ಬರೆಯಿರಿ. ಮೊದಲ ದಿನವೇ ಎಲ್ಲ ಬಿಗಿ ಮಾಡಿದರೆ ಹದಿನೈದು ದಿನಕ್ಕೆ ಮನೆಯವರೆಲ್ಲ ಬೇಸತ್ತು ಪುಸ್ತಕವನ್ನೇ ಮೂಲೆಗೆ ಎಸೆಯುತ್ತಾರೆ.

ಫೋನ್‌ಪೇ, ಗೂಗಲ್‌ಪೇ ಬಂದಮೇಲೆ ಈ ಕೆಲಸ ಇನ್ನೂ ಮುಖ್ಯ ಆಗಿದೆ. ಮೊದಲು ಪರ್ಸ್ ತೆಗೆದು ನೋಟು ಮುರಿಸುವಾಗ ಮನಸ್ಸು ಒಂದು ಕ್ಷಣ ತಡೆಯುತ್ತಿತ್ತು. ಈಗ 'ಟಿಣ್' ಅಂತ ಸದ್ದಾದರೆ ಮುಗಿಯಿತು. ನಾನು ವಾರಕ್ಕೆ 1,500 ನಗದು ತೆಗೆದಿಟ್ಟು ತರಕಾರಿ, ತಿಂಡಿ, ಸಣ್ಣಪುಟ್ಟದ್ದಕ್ಕೆ ಅದನ್ನೇ ಬಳಸುತ್ತೇನೆ. ಡಬ್ಬಿ ಖಾಲಿಯಾದರೆ ಆ ವಾರ ಅಷ್ಟೇ.

ಮೂರು ತಿಂಗಳ ಲೆಕ್ಕ ಕೂಡಿಸಿದಾಗ ನಮಗೆ ಆಶ್ಚರ್ಯ ಕಾದಿತ್ತು. ಸಂಜೆಯ ಮಂಡಕ್ಕಿ ಮಿರ್ಚಿಗೆ ತಿಂಗಳಿಗೆ 2,600 ಹೋಗುತ್ತಿತ್ತು! ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿ ಮಿರ್ಚಿ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ನಾವು ಮಾಡಿದ್ದು ಇಷ್ಟು: ಭಟ್ಟಿಯಿಂದ ಮಂಡಕ್ಕಿಯನ್ನು ಚೀಲದಲ್ಲಿ ತಂದು ಮನೆಯಲ್ಲೇ ಖಾರ ಮಂಡಕ್ಕಿ ಮಾಡಿಟ್ಟೆವು. ಮಿರ್ಚಿಗೆ ಮಾತ್ರ ಶನಿವಾರ ಹೊರಗೆ ಹೋಗುತ್ತೇವೆ. ಈಗ ಅದು 700ರಲ್ಲಿ ಮುಗಿಯುತ್ತದೆ. ಶನಿವಾರ ಬಂತೆಂದರೆ ಮಕ್ಕಳಿಗೆ ಮೊದಲಿಗಿಂತ ಜಾಸ್ತಿ ಖುಷಿ.

ಲೆಕ್ಕದಲ್ಲಿ ಹುಡುಕಬೇಕಾದ್ದು ದೊಡ್ಡ ಖರ್ಚನ್ನಲ್ಲ. ಬಾಡಿಗೆ, ಫೀಸು ಎಲ್ಲರಿಗೂ ಗೊತ್ತಿರುತ್ತದೆ. ಯಾರಿಗೂ ಸಂತೋಷ ಕೊಡದೆ ಹೋಗುತ್ತಿರುವ ಖರ್ಚನ್ನು ಹುಡುಕಿ. ನೋಡದ ಚಾನೆಲ್‌ಗಳ ಪ್ಯಾಕು, ತಡವಾಗಿ ಕಟ್ಟಿದ ಬಿಲ್ಲಿನ ದಂಡ, ಕೊಳೆತು ಎಸೆದ ತರಕಾರಿ. ಇವನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ.

ಸಂಬಳ ಬಂದ ದಿನವೇ ಎತ್ತಿಡಿ

ತಿಂಗಳ ಕೊನೆಗೆ ಉಳಿದರೆ ಇಡೋಣ ಅಂದರೆ ಏನೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ಮೂರು ಕಡೆ ಹಂಚಿ.

ಒಂದು, ಆಪತ್ತಿನ ದುಡ್ಡು. ಕನಿಷ್ಠ ಮೂರು ತಿಂಗಳ ಮನೆ ಖರ್ಚು ಬ್ಯಾಂಕಿನ ಬೇರೆ ಖಾತೆಯಲ್ಲಿರಲಿ. ಆ ಖಾತೆಗೆ ಫೋನ್‌ಪೇ ಜೋಡಿಸಬೇಡಿ. ನಮಗೆ ಈ ಮೊತ್ತ ಕೂಡಿಸಲು ಎರಡೂವರೆ ವರ್ಷ ಹಿಡಿಯಿತು.

ಎರಡು, ಮುಂದೆ ಬರುತ್ತದೆ ಎಂದು ಗೊತ್ತಿರುವ ಖರ್ಚು. ಶಾಲೆ ಫೀಸು, ಗೌರಿ ಹಬ್ಬ, ಬೈಕ್ ಇನ್ಶೂರೆನ್ಸ್, ಮನೆ ಕಂದಾಯ. ಸ್ವಂತ ಮನೆ ಇದ್ದವರು ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ದೊಡ್ಡ ಖರ್ಚು ಸೇರಿಸಬೇಕು: ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬೀಗರು, ಬಳಗ, ಊರೂರಿನ ಪರಿಚಯದವರು ಮನೆ ತುಂಬುತ್ತಾರೆ. ಜಾತ್ರೆಗೆ ಸಾಲ ಮಾಡಿ ಮುಂದಿನ ಜಾತ್ರೆಯವರೆಗೂ ತೀರಿಸುವ ಮನೆಗಳನ್ನು ನಾನು ನೋಡಿದ್ದೇನೆ. ತಿಂಗಳಿಗೆ 500 ಎತ್ತಿಟ್ಟರೆ ಇಪ್ಪತ್ತನಾಲ್ಕು ತಿಂಗಳಿಗೆ 12,000 ಆಗುತ್ತದೆ. ಅಷ್ಟರಲ್ಲಿ ಎಷ್ಟು ಜನಕ್ಕೆ ಅಡುಗೆ ಆಗುತ್ತದೋ ಅಷ್ಟು ಜನರನ್ನು ಪ್ರೀತಿಯಿಂದ ಕರೆಯಿರಿ. ದೇವಿ ಸಾಲದ ಊಟ ಕೇಳುವುದಿಲ್ಲ.

ಮೂರು, ಮುಟ್ಟಬಾರದ ಹಣ. ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆ, ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು, ಅವಧಿ 5 ವರ್ಷ. ಶೇ 6.7 ಬಡ್ಡಿಯ ಲೆಕ್ಕದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಕೊನೆಗೆ ಸುಮಾರು 71,000 ಕೈಗೆ ಬರುತ್ತದೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಖಾತೆ ತೆರೆಯುವ ದಿನ ಕೇಳಿಕೊಳ್ಳಿ. ಹತ್ತು ವರ್ಷ ತುಂಬದ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿ. ವರ್ಷಕ್ಕೆ 250 ಕಟ್ಟಿದರೂ ಅದು ನಡೆಯುತ್ತದೆ.

ದುಡ್ಡು ಎಲ್ಲಿಡುತ್ತೀರಿ ಎನ್ನುವುದರಲ್ಲಿ ಎಚ್ಚರ ಇರಲಿ. ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ. ಆದರೆ ಸೌಹಾರ್ದ, ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ನಮ್ಮ ಕಡೆ ಬೀದಿಗೊಂದು ಸೊಸೈಟಿ ಇದೆ, ಹೊರಗೆ ಬೋರ್ಡು ನೋಡಿದರೆ ಎಲ್ಲ ಬ್ಯಾಂಕಿನ ಹಾಗೇ ಕಾಣುತ್ತವೆ. ಒಂದು ಪರ್ಸೆಂಟ್ ಜಾಸ್ತಿ ಬಡ್ಡಿಗೆ ಆಸೆಪಟ್ಟು ಇದ್ದಬದ್ದದ್ದೆಲ್ಲ ಒಂದೇ ಕಡೆ ಇಡಬೇಡಿ. ಚೀಟಿ ಹಾಕುವವರು ಅದು ನೋಂದಣಿ ಆಗಿದೆಯಾ ಎಂದು ಕಾಗದ ನೋಡಿ ಹಾಕಿ. ನಾನು ಹಾಗೆ ನೋಡದೆ ಓಣಿಯ ಚೀಟಿಯಲ್ಲಿ 14,000 ಕಳೆದುಕೊಂಡೆ. ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದರು. ನನ್ನ ಹತ್ತಿರ ಒಂದು ಚೂರು ರಸೀದಿಯೂ ಇರಲಿಲ್ಲ.

ಸಾಲದ ಬಡ್ಡಿಯನ್ನು ವರ್ಷಕ್ಕೆ ಲೆಕ್ಕ ಹಾಕಿ

'ಬರೀ ಮೂರು ರೂಪಾಯಿ ಬಡ್ಡಿ' ಅನ್ನುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ಶೇ 36. ಐವತ್ತು ಸಾವಿರ ಕೈಸಾಲ ತಂದರೆ ವರ್ಷಕ್ಕೆ 18,000 ಬಡ್ಡಿಯೇ ಹೋಗುತ್ತದೆ, ಅಸಲು ಹಾಗೇ ಕೂತಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ 'ಕನಿಷ್ಠ ಮೊತ್ತ' ಮಾತ್ರ ಕಟ್ಟುತ್ತಾ ಹೋದರೂ ಇದೇ ಕಥೆ. ಇಂಥ ಸಾಲ ಇದ್ದರೆ ಆರ್‌ಡಿಗಿಂತ ಮೊದಲು ಅದನ್ನು ತೀರಿಸಿ. ಶೇ 36 ಕೊಡುತ್ತಾ ಶೇ 6.7 ಗಳಿಸುವುದರಲ್ಲಿ ಅರ್ಥ ಇಲ್ಲ, ಅಲ್ವಾ? ತುರ್ತಿದ್ದರೆ ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟು ದುಬಾರಿ ಕೈಸಾಲ ತೀರಿಸಿದರೂ ಲಾಭವೇ.

ಸುಗ್ಗಿ ನೋಡಿ ಖರೀದಿ ಮಾಡಿ

ಭದ್ರಾ ಅಚ್ಚುಕಟ್ಟಿನ ಪಕ್ಕದಲ್ಲೇ ಇದ್ದೇವೆ. ಮಳೆಗಾಲದ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ, ಬೇಸಿಗೆ ಬೆಳೆ ಏಪ್ರಿಲ್, ಮೇ ಹೊತ್ತಿಗೆ. ಅಂಗಡಿಯಲ್ಲಿ ಹಳೇ ಅಕ್ಕಿಗೆ ಜಾಸ್ತಿ ಬೆಲೆ, ಹೊಸ ಅಕ್ಕಿಗೆ ಕಡಿಮೆ. ನಾವು ಹೊಸ ಅಕ್ಕಿಯನ್ನು ಸುಗ್ಗಿಯಲ್ಲಿ ಕೊಂಡು ನಾವೇ ಹಳೆಯದು ಮಾಡಿಕೊಳ್ಳುತ್ತೇವೆ. ಆರು ತಿಂಗಳು ಕಳೆದರೆ ಅನ್ನ ಮುದ್ದೆಯಾಗದೆ ಉದುರು ಉದುರಾಗಿ ಆಗುತ್ತದೆ. ಒಣಗಿಸಿದ ಬೇವಿನ ಸೊಪ್ಪು ನಡುನಡುವೆ ಹಾಕಿ, ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ, ಎರಡು ತಿಂಗಳಿಗೊಮ್ಮೆ ನೆರಳಿನಲ್ಲಿ ಹರವಿ. ಬಿಸಿಲಿಗೆ ಹಾಕಿದರೆ ಅಕ್ಕಿ ನುಚ್ಚಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸದು ಬರುತ್ತವೆ. ವರ್ಷಕ್ಕಾಗುವಷ್ಟು ಆಗಲೇ ಕೊಂಡು ಒಣಗಿಸಿ ಖಾರ ಕುಟ್ಟಿಸಿಡಿ. ಒಂದೇ ಸಲ ಅಷ್ಟು ದುಡ್ಡು ಹೊಂದದಿದ್ದರೆ ಮೂರು ಮನೆಯವರು ಸೇರಿ ಒಂದು ಚೀಲ ತಂದು ಹಂಚಿಕೊಳ್ಳಿ. ಇಡಲು ಜಾಗ ಇಲ್ಲದವರು, ಹುಳ ಹಿಡಿದರೆ ನೋಡಲು ಪುರುಸೊತ್ತು ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಎಸೆದ ಅಕ್ಕಿಗಿಂತ ದುಬಾರಿ ಅಕ್ಕಿ ಇಲ್ಲ.

ಕರೆಂಟಿನ ವಿಷಯ ಎರಡೇ ಮಾತು. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದ್ದವರು ತಿಂಗಳ ಯೂನಿಟ್ 200 ದಾಟದಂತೆ ನೋಡಿಕೊಳ್ಳಿ, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು 2023ರ ಜೂನ್‌ನಿಂದ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನಾನು ಹೊನ್ನಾಳಿಗೋ ಚಿತ್ರದುರ್ಗಕ್ಕೋ ಹೋಗಿಬಂದ ದಿನ ಆ ಟಿಕೆಟ್ಟಿನ ದುಡ್ಡನ್ನು ಮಗಳ ಗೋಲಕಕ್ಕೆ ಹಾಕುತ್ತೇನೆ. ಹಾಗೆ ಮಾಡದಿದ್ದರೆ ಉಳಿದ ದುಡ್ಡು ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ.

ಔಷಧ ಮತ್ತು ವಿಮೆ

ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ. ಮಾತ್ರೆ ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಡಾಕ್ಟರಿಗೆ, "ಸರ್, ಔಷಧದ ಮೂಲ ಹೆಸರು ಬರೆದುಕೊಡಿ, ಜನೌಷಧಿಯಲ್ಲಿ ತಗೋತೀವಿ" ಎಂದು ಕೇಳಿದೆ. ಜನೌಷಧಿ ಅಂದರೆ ಕಡಿಮೆ ಬೆಲೆಗೆ ಮಾತ್ರೆ ಸಿಗುವ ಸರ್ಕಾರಿ ಯೋಜನೆಯ ಅಂಗಡಿ. ಅವರು ಬರೆದುಕೊಟ್ಟರು. ನಮ್ಮ ತಿಂಗಳ ಮಾತ್ರೆ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಡಾಕ್ಟರನ್ನು ಕೇಳದೆ ನೀವೇ ಮಾತ್ರೆ ಬದಲಿಸಬೇಡಿ.

ಬ್ಯಾಂಕ್ ಖಾತೆ ಇದ್ದವರು ಕೇಂದ್ರ ಸರ್ಕಾರದ ಎರಡು ಸಣ್ಣ ವಿಮೆ ಮಾಡಿಸಿ. ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಬರುತ್ತದೆ. ಜೀವನ್ ಜ್ಯೋತಿಗೆ ವರ್ಷಕ್ಕೆ 436, ಸಾವು ಯಾವ ಕಾರಣದಿಂದ ಆದರೂ 2 ಲಕ್ಷ. ಮೊದಲನೆಯದು 18ರಿಂದ 70 ವರ್ಷದವರಿಗೆ, ಎರಡನೆಯದಕ್ಕೆ 18ರಿಂದ 50ರ ಒಳಗೆ ಸೇರಬೇಕು. ಮೇ ಕೊನೆಗೆ ಖಾತೆಯಿಂದ ಹಣ ಕಡಿತ ಆಗುತ್ತದೆ, ಆಗ ಖಾತೆಯಲ್ಲಿ ದುಡ್ಡಿರಲಿ.

ಮದುವೆ, ಮುಯ್ಯಿ, ಪಾರ್ಟಿ

ಅತಿ ಕಷ್ಟದ ಜಾಗ ಇದು. ಅಕ್ಕಿ ಚೀಲ ನಮ್ಮನ್ನು ಜಿಪುಣಿ ಅನ್ನುವುದಿಲ್ಲ, ಜನ ಅನ್ನುತ್ತಾರೆ.

ಮುಯ್ಯಿಗೆ ಒಂದು ಪುಸ್ತಕ ಇಡಿ. ನಮ್ಮ ಗೃಹಪ್ರವೇಶಕ್ಕೆ, ಮಕ್ಕಳ ನಾಮಕರಣಕ್ಕೆ ಯಾರು ಎಷ್ಟು ಕೊಟ್ಟರು ಎಂದು ಅದರಲ್ಲಿರಲಿ. ಅವರ ಮನೆ ಕಾರ್ಯಕ್ಕೆ ಅಷ್ಟನ್ನೂ, ವರ್ಷ ಕಳೆದಿದ್ದರೆ ಸ್ವಲ್ಪ ಸೇರಿಸಿಯೂ ತಿರುಗಿ ಕೊಡಿ. ಮುಯ್ಯಿ ನಮ್ಮ ಹಿರಿಯರು ಮಾಡಿಕೊಂಡ ಬಡ್ಡಿ ಇಲ್ಲದ ಸಾಲ. ಅದರಲ್ಲಿ ಕಡಿಮೆ ಮಾಡುವುದು ಹಿಡಿತ ಅಲ್ಲ, ಬಾಕಿ ಉಳಿಸಿಕೊಂಡ ಹಾಗೆ. ಆದರೆ ಯಾರೋ ಐದು ಸಾವಿರ ಇಟ್ಟರು ಎಂದು ನಾವೂ ಇಡಬೇಕಿಲ್ಲ. ದುಡ್ಡು ಜಾಸ್ತಿ ಕೊಡಲು ಆಗದ ಕಡೆ ನಾನು ಹಿಂದಿನ ದಿನವೇ ಹೋಗುತ್ತೇನೆ. ತರಕಾರಿ ಹೆಚ್ಚುತ್ತೇನೆ, ಉಡಿ ತುಂಬುವ ತಟ್ಟೆ ಜೋಡಿಸುತ್ತೇನೆ, ಮದುವೆ ಮನೆಯ ಲೆಕ್ಕ ಬರೆದುಕೊಡುತ್ತೇನೆ. ಹಾಗೆ ಕೈಜೋಡಿಸಿದ ಒಂದು ಮನೆಯಲ್ಲೂ ನನ್ನ ಬಗ್ಗೆ ಕೆಟ್ಟ ಮಾತು ಬಂದಿಲ್ಲ.

ಆಫೀಸಿನವರು, ಗೆಳತಿಯರು ವಾರಕ್ಕೆ ಎರಡು ಸಲ ಹೊರಗೆ ತಿನ್ನಲು ಕರೆದರೆ ನೆಪ ಹೇಳಬೇಡಿ. ಸುಳ್ಳು ನೆಪ ಹಿಡಿಸಿಕೊಂಡಾಗಲೇ 'ಜಿಪುಣ' ಅನ್ನುವ ಹೆಸರು ಗಟ್ಟಿಯಾಗುವುದು. ಸೀದಾ ಹೇಳಿ: "ನಾನು ತಿಂಗಳಿಗೆ ಒಂದು ಸಲ ಬರ್ತೀನಿ, ಆ ದಿನ ಬೆಣ್ಣೆದೋಸೆ ನನ್ನ ಲೆಕ್ಕ." ಹೇಳಿದ ದಿನ ಮರೆಯದೆ ಕರೆದುಕೊಂಡು ಹೋಗಿ, ಬೆಣ್ಣೆ ಜಾಸ್ತಿ ಹಾಕಿಸಿ ಕೊಡಿಸಿ.

ನಾದಿನಿಯ ಮಾತಿಗೂ ಉತ್ತರ ಕೊಟ್ಟೆ, ಆದರೆ ಪಂಕ್ತಿಯಲ್ಲಿ ಅಲ್ಲ. ಎಲ್ಲರ ಎದುರು ಉತ್ತರ ಕೊಟ್ಟರೆ ಅದು ಜಗಳ ಆಗುತ್ತದೆ. ಹದಿನೈದು ದಿನ ಬಿಟ್ಟು ಅವಳ ಮನೆಗೆ ಹೋದೆ. "ನೋಡವ್ವ, ಮಗಳ ಫೀಸಿಗೆ ಅಂತ ಹಿಡಿದಿದೀನಿ. ನಿಮ್ಮಣ್ಣನ ಸಂಬಳ ಎಷ್ಟು ಅಂತ ನಿನಗೆ ಗೊತ್ತು. ಎಲ್ಲರ ಮುಂದೆ ಹಂಗ ಅಂದಿದ್ದು ನನಗ ಬ್ಯಾಸರಾತು" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಟೀ ಇಟ್ಟಳು. ಆಮೇಲೆ ಆ ಮಾತು ಆಡಿಲ್ಲ. ಎಲ್ಲರೂ ಹೀಗೆ ಅರ್ಥ ಮಾಡಿಕೊಳ್ಳುವುದಿಲ್ಲ. ದೂರದ ಸಂಬಂಧಿಕರಿಗೆ "ಹೌದ್ರಿ, ನಮ್ಮ ಮನಿ ಪದ್ಧತಿ ಹಂಗ" ಅಂದರೆ ಸಾಕು. ಅವರಿಗೆ ನಿಮ್ಮ ಸಂಬಳ, ಉಳಿತಾಯ ಏನನ್ನೂ ಬಿಡಿಸಿ ಹೇಳಬೇಡಿ. ಉಳಿಸಿದ್ದು ಗೊತ್ತಾದರೆ ಮರುದಿನವೇ ಕೈಗಡ ಕೇಳಲು ಬರುತ್ತಾರೆ.

ಮಕ್ಕಳಿಗೆ ಮಾತ್ರ ಎಲ್ಲವನ್ನೂ ಹೇಳಿ. 'ದುಡ್ಡಿಲ್ಲ' ಅಂದರೆ ಮಕ್ಕಳು ಹೆದರುತ್ತವೆ. ನಾವು ತಿಂಗಳ ಮೊದಲ ಭಾನುವಾರ ಪುಸ್ತಕ ತೆರೆದು, ಇಷ್ಟು ಬಂತು, ಇಷ್ಟು ಎತ್ತಿಟ್ಟೆವು, ಈ ತಿಂಗಳು ಶೂ ಅಥವಾ ಸೈಕಲ್ ರಿಪೇರಿ, ಯಾವುದು ಮೊದಲು ಎಂದು ಕೇಳುತ್ತೇವೆ. ಮಗ ಸೈಕಲ್ ಅಂದ. ಗೆಳೆಯರು ಅವನ ಹಳೇ ಶೂ ನೋಡಿ ಕೇಳಿದಾಗ, "ಮುಂದಿನ ತಿಂಗಳು ನನ್ನ ಸರದಿ" ಎಂದು ಹೇಳಿ ಬಂದಿದ್ದ.

ಹಿಡಿತ ರೋಗ ಆಗದಂತೆ ನೋಡಿಕೊಳ್ಳಿ

ಖರ್ಚು ಮಾಡುವಾಗಲೆಲ್ಲ ಎದೆ ಬಡಿದುಕೊಂಡರೆ, ದುಡ್ಡಿನ ವಿಷಯಕ್ಕೆ ಗಂಡ ಹೆಂಡತಿ ದಿನಾ ಜಗಳ ಆದರೆ, ಬ್ಯಾಂಕಿನಲ್ಲಿ ಹಣ ಇದ್ದೂ ಹಲ್ಲುನೋವನ್ನು ತಿಂಗಳುಗಟ್ಟಲೆ ತಡೆದುಕೊಂಡರೆ ಹಿಡಿತ ಸಡಿಲ ಮಾಡುವ ಹೊತ್ತು ಬಂದಿದೆ ಎಂದು ತಿಳಿಯಿರಿ. ನನ್ನ ಅಮ್ಮನಿಗೆ ಹೀಗಾಯಿತು. ನಾನು ದುಡಿಯಲು ಶುರು ಮಾಡಿದ ಮೇಲೂ ಹೊಸ ಕನ್ನಡಕ ಬೇಡ ಅನ್ನುತ್ತಿದ್ದಳು. ಕೊನೆಯ ನಾಲ್ಕು ವರ್ಷ ಸರಿಯಾಗಿ ಕಣ್ಣು ಕಾಣದೆ ಅಕ್ಕಿ ಆರಿಸಿದಳು. ಬಲವಂತ ಮಾಡಿ ಕನ್ನಡಕ ಮಾಡಿಸಬೇಕಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಅದಕ್ಕೇ ನಾವು ಪ್ರತಿ ಯುಗಾದಿಗೆ ಪುಸ್ತಕ ತೆರೆದು, ಹೋದ ವರ್ಷ ಉಳಿಸಿದ್ದರಲ್ಲಿ ಒಂದು ಪಾಲನ್ನು ಮನೆಯ ಯಾರಿಗಾದರೂ ನಿಜವಾಗಿ ಬೇಕಾದದ್ದಕ್ಕೆ ಖರ್ಚು ಮಾಡುತ್ತೇವೆ. ಈ ಸಲ ಅಪ್ಪನಿಗೆ ಕಿವಿಯ ಮಷಿನ್ ತಂದೆವು. 19,000 ಆಯಿತು. ಗಿರಣಿಯ ಸದ್ದಿಗೆ ಅವರ ಕಿವಿ ಆಗಲೇ ಮಂದವಾಗಿತ್ತು. ಈಗ ಸಂಜೆ ಮೊಮ್ಮಗಳು ಓದುವುದನ್ನು ಪಕ್ಕದಲ್ಲಿ ಕೂತು ಕೇಳುತ್ತಾರೆ. ಮಷಿನ್ನಿನ ಬ್ಯಾಟರಿಗೆ ಎಂದು ತಿಂಗಳ ಲೆಕ್ಕದಲ್ಲಿ ಒಂದು ಹೊಸ ಸಾಲು ಸೇರಿಸಿದ್ದೇನೆ.